ಅಂಗಡಿ ಅಟ್ಟದ ಹಳೇ ಕಂಪ್ಯೂಟರ್‌ಗಳನ್ನು ಕೊನೆಗೂ ಇಳಿಸಿದೆ

ಶಿವಮೊಗ್ಗದಲ್ಲಿ ನಮ್ಮದೊಂದು ಪುಟ್ಟ ಡಿಟಿಪಿ, ಜೆರಾಕ್ಸ್ ಅಂಗಡಿ. ಇಪ್ಪತ್ತು ವರ್ಷದಲ್ಲಿ ಕೆಟ್ಟದ್ದೆಲ್ಲ ಅಟ್ಟ ಸೇರಿತ್ತು. ಐದು ಸಿಪಿಯು, ಎರಡು ಡಬ್ಬಾ ಮಾನಿಟರ್, ಯುಪಿಎಸ್, ಪ್ರಿಂಟರ್‌ಗಳು, ಯಾವುದಕ್ಕೆ ಸೇರಿದ್ದು ಅಂತ ಯಾರಿಗೂ ಗೊತ್ತಿಲ್ಲದ ಒಂದು ಗೋಣಿಚೀಲ ವೈರು. ಕಳೆದ ಮಳೆಗಾಲ ಹೆಂಚು ಸೋರಿ ಎಲ್ಲ ಇಳಿಸಲೇಬೇಕಾಯಿತು.

ಗುಜರಿಯವರನ್ನು ಕರೆದರೆ ಅರ್ಧ ಗಂಟೆ ಕೆಲಸ. ಕರೆಯಲಿಲ್ಲ. ಹಿಂದೊಮ್ಮೆ ಎರಡು ಸಿಪಿಯು ಹಾಗೇ ತೂಕಕ್ಕೆ ಹಾಕಿದ್ದೆ. ಕೆಲವು ತಿಂಗಳಾದ ಮೇಲೆ ಪರಿಚಯದ ಹುಡುಗನೊಬ್ಬ ಬಂದು, ‘ಅಣ್ಣಾ, ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್ ತಗೊಂಡೆ, ಅದರಲ್ಲಿ ನಿಮ್ಮಂಗಡಿ ಹೆಸರಿನ ಫೋಲ್ಡರ್ ಇದೆ’ ಅಂದ. ನೋಡಿದರೆ ಗಿರಾಕಿಗಳ ಪಹಣಿ, ಪ್ಯಾನ್ ಕಾರ್ಡ್, ಮಾರ್ಕ್ಸ್ ಕಾರ್ಡು, ಯಾರದೋ ಮದುವೆ ಕಾಗದ. ನನಗೆ ಬಾಯಿ ಕಟ್ಟಿಹೋಯಿತು.

ಹಾಗಾಗಿ ಈ ಸಲ ಮೊದಲು ಹಾರ್ಡ್ ಡಿಸ್ಕ್. ಬೇಕಾದ ಫೈಲು ತೆಗೆದಿಟ್ಟುಕೊಳ್ಳುವುದಕ್ಕೇ ಒಂದು ವಾರ ಹಿಡಿಯಿತು. ಪುಟ ವಿನ್ಯಾಸದ ಪೇಜ್‌ಮೇಕರ್ ಸಾಫ್ಟ್‌ವೇರಿನ ನಮ್ಮ ಹಳೇ ಫೈಲುಗಳೆಲ್ಲ ಯೂನಿಕೋಡ್‌ಗಿಂತ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮುಂಚಿನ ಫಾಂಟಿನವು, ಆ ಫಾಂಟ್ ಇಲ್ಲದೆ ತೆರೆದರೆ ಕನ್ನಡದ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಜಿಎಸ್‌ಟಿ ಲೆಕ್ಕವನ್ನೂ ಬ್ಯಾಕಪ್ ಮಾಡಿಕೊಂಡೆ. ಅದನ್ನು ವಾರ್ಷಿಕ ರಿಟರ್ನ್‌ನ ಕೊನೇ ದಿನದಿಂದ 72 ತಿಂಗಳು ಇಟ್ಟಿರಬೇಕು.

ಸುಮ್ನೆ ಡಿಲೀಟ್ ಒತ್ತಿದರೆ ಫೈಲು ಹೋಗಲ್ಲ, ಅದು ಎಲ್ಲಿದೆ ಅನ್ನೋ ಗುರುತು ಹೋಗುತ್ತದೆ ಅಷ್ಟೇ. ಅದಕ್ಕೆ ಇಡೀ ಡಿಸ್ಕಿನ ಮೇಲೆ ಬೇರೆ ಡೇಟಾ ಬರೆಯುವ ಸಾಫ್ಟ್‌ವೇರನ್ನು ರಾತ್ರಿಯಿಡೀ ಓಡಿಸಿದೆ. ಎರಡು ಡಿಸ್ಕ್ ಆನ್ ಆಗಲೇ ಇಲ್ಲ. ಅವಕ್ಕೆ ಪಕ್ಕದ ವೆಲ್ಡಿಂಗ್ ಶಾಪ್‌ನಲ್ಲಿ ಡ್ರಿಲ್‌ನಿಂದ ನಾಲ್ಕು ನಾಲ್ಕು ತೂತು. ಎಸ್‌ಎಸ್‌ಡಿ (ಚಿಪ್‌ನಲ್ಲಿ ಡೇಟಾ ಇಡುವ ಹೊಸ ಥರದ ಡಿಸ್ಕ್) ಇದ್ದರೆ ಕಂಪನಿಯವರದೇ ಅಳಿಸುವ ಟೂಲ್ ಬಳಸಿ, ಮೇಲೆ ಬರೆಯುವ ಉಪಾಯವನ್ನು ಅದರಲ್ಲಿ ನಂಬುವ ಹಾಗಿಲ್ಲ. ಇನ್ನೊಂದು, ದೊಡ್ಡ ಡಿಜಿಟಲ್ ಜೆರಾಕ್ಸ್ ಮೆಷಿನ್‌ಗಳಲ್ಲಿ ಎಷ್ಟೋ ಸಲ ಒಳಗೊಂದು ಹಾರ್ಡ್ ಡಿಸ್ಕ್ ಇರುತ್ತದೆ! ಸರ್ವೀಸ್ ಹುಡುಗ ಹೇಳದಿದ್ದರೆ ನನಗೂ ಹೊಳೆಯುತ್ತಿರಲಿಲ್ಲ.

ಯುಪಿಎಸ್ ಬ್ಯಾಟರಿ ಸುಲಭ, ಹೊಸದು ತಗೊಳ್ಳುವಾಗ ಅಂಗಡಿಯವರೇ ಹಳೇದನ್ನು ಇಟ್ಟುಕೊಂಡು ಬೆಲೆ ಇಳಿಸಿದರು. ಲ್ಯಾಪ್‌ಟಾಪ್ ಬ್ಯಾಟರಿಯೊಂದು ಊದಿಕೊಂಡಿತ್ತು. ಒತ್ತಲು, ಚುಚ್ಚಲು ಹೋಗಬೇಡಿ, ಬೆಂಕಿ ಹತ್ತುತ್ತದೆ. ತುದಿಗಳಿಗೆ ಟೇಪ್ ಹಾಕಿ ಒಣ ಮರಳಿನಲ್ಲಿಟ್ಟೆ.

ಇನ್ನು ಕೊಡೋದು ಯಾರಿಗೆ? 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ರೀಸೈಕಲ್ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ನಮ್ಮಂಥ ಸೂಕ್ಷ್ಮ ಉದ್ದಿಮೆಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ, ನಿಜ. ಆದರೆ ಡಬ್ಬಾ ಮಾನಿಟರ್ ಗಾಜಿನಲ್ಲಿ ಸೀಸ ಇದೆ, ಗುಜರಿಗೆ ಹೋದರೆ ತಾಮ್ರಕ್ಕಾಗಿ ವೈರು ಸುಡುತ್ತಾರೆ, ಬೋರ್ಡಿನ ಚೂರು ಚಿನ್ನಕ್ಕಾಗಿ ಆಸಿಡ್‌ನಲ್ಲಿ ಅದ್ದುತ್ತಾರೆ. ಆ ಹೊಗೆ ಕುಡಿಯುವವರಿಗೆ ವಿನಾಯಿತಿ ಇಲ್ವಲ್ಲ.

ಬೆಂಗಳೂರಿನ ರೀಸೈಕಲ್‌ನವರಿಗೆ ಫೋನ್ ಮಾಡಿದರೆ, ‘ಇಷ್ಟಕ್ಕೆಲ್ಲ ಗಾಡಿ ಕಳಿಸೋಕಾಗಲ್ಲ ಸರ್’ ಅಂದರು. ಸರಿ, ನಮ್ಮ ರಸ್ತೆಯ ಮೆಡಿಕಲ್ ಶಾಪು, ಟ್ಯಾಕ್ಸ್ ಆಫೀಸು, ಟ್ಯೂಷನ್ ಸೆಂಟರ್ ಎಲ್ಲರನ್ನೂ ಕೇಳಿದೆ. ಎಲ್ಲರ ಅಟ್ಟವೂ ನಮ್ಮದರ ಹಾಗೇ! ಮುನ್ನೂರು ಕೆಜಿ ದಾಟಿತು, ಗಾಡಿ ಬಂತು. ಬರುವ ಮುಂಚೆ ಅವರ ನೋಂದಣಿ ಪತ್ರ ತರಿಸಿಕೊಂಡು, ಹೆಸರು ಮಂಡಳಿಯ ಪೋರ್ಟಲ್‌ನಲ್ಲಿದೆಯಾ, ಅವಧಿ ಮುಗಿದಿದೆಯಾ ಅಂತ ನೋಡಿದ್ದೆ. ಎದುರಿಗೇ ತೂಕ ಮಾಡಿಸಿ ಚೀಟಿ ತಗೊಂಡೆ, ಆಮೇಲೆ ರೀಸೈಕಲ್ ಆದ ಸರ್ಟಿಫಿಕೇಟ್ ಬಂತು, ಅದನ್ನು ತೋರಿಸಿ ಆಡಿಟರ್ ಹತ್ತಿರ ಆಸ್ತಿ ಪಟ್ಟಿಯಿಂದ ಇವನ್ನೆಲ್ಲ ತೆಗೆಸಿದೆ. ದುಡ್ಡು ಗುಜರಿಗಿಂತ ಕಮ್ಮಿ. ಡಬ್ಬಾ ಮಾನಿಟರ್‌ಗಂತೂ ಸೊನ್ನೆ.

ಒಂದು ಸಿಪಿಯು ಮಾತ್ರ ಕೊಟ್ಟಿಲ್ಲ. ಹಳೇ ಕನ್ನಡ ಸಾಫ್ಟ್‌ವೇರಿನ ಡಾಂಗಲ್ (ಅದನ್ನು ಸಿಕ್ಕಿಸದೆ ಸಾಫ್ಟ್‌ವೇರ್ ಓಡದಂಥ ಪುಟ್ಟ ಕೀಲಿ) ಪ್ರಿಂಟರ್ ಪೋರ್ಟಿಗೆ ಹಾಕುವಂಥದ್ದು, ಹೊಸ ಕಂಪ್ಯೂಟರಿನಲ್ಲಿ ಆ ಪೋರ್ಟೇ ಇಲ್ಲ. ಪ್ರತಿ ವರ್ಷ ಜಾತ್ರೆ ಕರಪತ್ರಕ್ಕೆ ಬರುವ ಹಿರಿಯರೊಬ್ಬರಿಗೆ ಅದೇ ಅಕ್ಷರ ಬೇಕು.