ವಸಡು ತಿನ್ನೋ ಎಂಜೈಮ್‌ನ ಪೇಷಂಟ್‌ಗೆ ತೋರಿಸಿದ್ದು: ನನ್ನ ಅನುಭವ

ನಾನು ಗಂಗಾವತಿಯಾಗ ವಸಡಿನ ಡಾಕ್ಟರ್. ಇಲ್ಲಿ ಬರೋ ಹೆಚ್ಚಿನವ್ರು ಹೇಳೋದು ಒಂದ ಮಾತು, "ಬ್ರಷ್ ಮಾಡಿದ್ರ ರಕ್ತ ಬರ್ತೈತ್ರಿ, ಅದಕ್ಕ ಬಿಟ್ಟುಬಿಟ್ಟೀನಿ, ಒಂದು ಗುಳಿಗಿ ಬರ್ದುಕೊಡ್ರಿ." ಬರೇ ಗುಳಿಗಿಗೆ ಇದು ಬಗ್ಗಂಗಿಲ್ಲ ಅಂದ್ರ ಯಾರೂ ನಂಬ್ತಿರಲಿಲ್ಲ, ಹಂಗಾಗಿ ಬಾನಾ ಟೆಸ್ಟ್ ಮಾಡಾಕ ಶುರು ಮಾಡಿದೆ. ಅದು ಒಂದು ಕಾರ್ಡ್, ವಸಡು ಕೆಡಿಸೋ ಬ್ಯಾಕ್ಟೀರಿಯಾದ ಎಂಜೈಮ್ ಹಲ್ಲಿನ ಪಾಚಿಯಾಗ ಇದ್ರ ನೀಲಿ ಬಣ್ಣ ತೋರಿಸ್ತೈತಿ.

ವಸಡು ಹಲ್ಲಿಂದ ಬಿಟ್ಟು ಆಗೋ ಸಂದಿಗೆ ಪಾಕೆಟ್ ಅಂತೀವಿ. ಆಳ ಪಾಕೆಟ್‌ನ್ಯಾಗ, ಗಾಳಿ ಆಡದ ಜಾಗದಾಗ ಮೂರು ಬ್ಯಾಕ್ಟೀರಿಯಾ ಒಟ್ಟಿಗೆ ಸಿಗ್ತಾವ: ಪಾರ್ಫಿರೋಮೊನಾಸ್ ಜಿಂಜಿವಾಲಿಸ್, ಟ್ಯಾನರೆಲ್ಲಾ ಫಾರ್ಸಿಥಿಯಾ, ಟ್ರೆಪೊನೀಮಾ ಡೆಂಟಿಕೋಲಾ. 1998ರಾಗ ಸಾಕ್ರಾನ್‌ಸ್ಕಿ ತಂಡದವ್ರು ಇವನ್ನ ರೆಡ್ ಕಾಂಪ್ಲೆಕ್ಸ್ ಅಂತ ಕರೆದ್ರು. ಜಿಂಜಿವಾಲಿಸ್‌ಗೆ ಸಕ್ರಿ ಬೇಕಾಗಿಲ್ಲ, ಅದು ಬದುಕೋದು ಪ್ರೋಟೀನ್ ತುಣುಕಿನ ಮ್ಯಾಲ, ಆ ತುಣುಕು ಮಾಡ್ಕೊಳ್ಳಾಕ ಜಿಂಜಿಪೈನ್ ಅನ್ನೋ ಎಂಜೈಮ್ ಬಿಡ್ತೈತಿ. ಇವು ಮೂರು ಕತ್ರಿ ಇದ್ದಂಗ: ಎರಡು ಕತ್ರಿ ಪ್ರೋಟೀನ್ ಸರದಾಗ ಆರ್ಜಿನಿನ್ ಅನ್ನೋ ಮಣಿ ಇದ್ದಲ್ಲಿ ಕತ್ತರಿಸ್ತಾವ, ಒಂದು ಲೈಸಿನ್ ಅನ್ನೋ ಮಣಿ ಇದ್ದಲ್ಲಿ. ನಮ್ಮನ್ನ ಕಾಯೋ ಆಂಟಿಬಾಡಿನೂ ಬಿಡಂಗಿಲ್ಲ, ಕಾಂಪ್ಲಿಮೆಂಟ್ ಪ್ರೋಟೀನೂ ಬಿಡಂಗಿಲ್ಲ, ಫೈಬ್ರಿನೋಜನ್ ಕತ್ತರಿಸಿದ್ರ ರಕ್ತ ಹೆಪ್ಪುಗಟ್ಟೋದು ಕೆಡ್ತೈತಿ. ಆ ರಕ್ತದ ಹಿಮೋಗ್ಲೋಬಿನ್‌ನಿಂದ ಕಬ್ಬಿಣದ ಅಂಶ ಎಳ್ಕೊಂಡು ಮತ್ತ ಬೆಳೀತೈತಿ. ಅಂದ್ರ ರಕ್ತ ಬರ್ತೈತಿ ಅಂತ ಬ್ರಷ್ ಬಿಟ್ರ ಅದಕ್ಕ ನಾವ ಊಟ ಹಾಕಿದಂಗ ಆತು. ಇನ್ನ ಇದನ್ನ ತಡೀಲಿಕ್ಕೆ ಬಂದ ನಮ್ಮ ಬಿಳಿ ರಕ್ತಕಣ ಬಿಡೋ ಎಮ್‌ಎಮ್‌ಪಿ-8 ಎಂಜೈಮ್ ನಮ್ಮದ ಕೊಲಾಜನ್, ಅಂದ್ರ ಹಲ್ಲು ಹಿಡಿದಿಡೋ ನಾರು, ಹರೀತೈತಿ, ಹಲ್ಲು ಸಡ್ಲ ಆಗೋದ್ರಾಗ ಅದರ ಪಾಲು ಭಾಳ ದೊಡ್ಡದು.

ರೈಸ್ ಮಿಲ್‌ನ್ಯಾಗ ಹಮಾಲಿ ಮಾಡೋ ಒಬ್ಬ ಕಾಕಾ ಬಂದಿದ್ರು, ಶುಗರ್ ಐತಿ, ಕೆಳಗಿನ ದವಡಿ ಹಲ್ಲಿನ ಪಾಕೆಟ್ 7 ಮಿಲಿಮೀಟರ್. ಕ್ಯುರೆಟ್ ಅನ್ನೋ ಕೆರಿಯೋ ಸಲಕರಣಿಲೆ ಆ ಪಾಕೆಟ್ ತಳದ ಪ್ಲಾಕ್ (ಹಲ್ಲಿನ ಪಾಚಿ) ತಗದು ಕಾರ್ಡ್‌ನ ಕೆಳಗಿನ ಪಟ್ಟಿಗೆ ಸವರಿದೆ, ಪಕ್ಕದಾಗ ಅವ್ರದ ಮುಂದಿನ ಗಟ್ಟಿ ಹಲ್ಲಿಂದೂ ಸವರಿದೆ. ಮ್ಯಾಲಿನ ಪಟ್ಟಿ ಡಿಸ್ಟಿಲ್ಡ್ ವಾಟರ್‌ನ್ಯಾಗ ಒದ್ದಿ ಮಾಡಿ, ಮಡಚಿ, 55 ಡಿಗ್ರಿಗೆ ಸ್ವಲ್ಪ ಹೊತ್ತು ಇಟ್ಟೆ. ದವಡಿ ಹಲ್ಲಿನ ಜಾಗ ದಟ್ಟ ನೀಲಿ, ಮುಂದಿನ ಹಲ್ಲಿನ ಜಾಗ ಬೆಳ್ಳಗ. "ಇದು ನನ್ನ ಬಾಯಾಗಿಂದ ಏನ್ರಿ ಸಾಹೇಬ್ರ?" ಅಂತ ಕಾರ್ಡ್ ಕೈಯಾಗ ಹಿಡ್ಕೊಂಡು ತಿರುವ್ಯಾಡಿ ನೋಡಿದ್ರು. "ಹೌದು ಕಾಕಾ, ಇದ ನಿಮ್ಮ ಹಲ್ಲು ಅಲ್ಲಾಡ್ಸಾಕತ್ತೈತಿ" ಅಂದೆ. ಕ್ಲೀನಿಂಗ್ ಮಾಡ್ಸಿದ್ರ ಹಲ್ಲು ಸಡ್ಲ ಆಗ್ತಾವ ಅಂತಿದ್ದ ಮನುಷ್ಯ ಅವತ್ತ ಕುರ್ಚಿಗೆ ಒರಗಿದ್ರು.

ಸ್ಕೇಲಿಂಗ್, ರೂಟ್ ಪ್ಲೇನಿಂಗ್ (ಹಲ್ಲು, ಬೇರು ಕೆರೆದು ಸ್ವಚ್ಛ ಮಾಡೋದು) ಮಾಡಿದೆ, ಹಲ್ಲಿನ ಸಂದಿಗೆ ಸಣ್ಣ ಬ್ರಷ್ ಕೊಟ್ಟೆ, ಆಂಟಿಬಯಾಟಿಕ್ ಕೊಡ್ಲಿಲ್ಲ, ಯಾಕಂದ್ರ ಈ ಬ್ಯಾಕ್ಟೀರಿಯಾ ಬಯೋಫಿಲ್ಮ್ ಅನ್ನೋ ಅಂಟು ಪದರದ ಒಳಗ ಅಡಗಿರ್ತಾವ, ಅದನ್ನ ಕೆರೆದು ತಗಿಯದ ಇದ್ರ ಗುಳಿಗಿ ಒಳಗ ಸರಿಯಾಗಿ ಮುಟ್ಟಂಗಿಲ್ಲ. ಮುಂದ ನೋಡಿದಾಗ ಪಾಕೆಟ್ 4ಕ್ಕ ಬಂದಿತ್ತು, ಕಾರ್ಡ್‌ನ್ಯಾಗ ನೀಲಿ ಬರೇ ಛಾಯೆ.

ಈ ಕಾರ್ಡ್‌ಗೂ ಮಿತಿ ಐತ್ರಿ. ಮೂರರಾಗ ಯಾವುದು ಅಂತ ಹೇಳಂಗಿಲ್ಲ, ನೀಲಿ ಬಂತು ಅಂದ ಕೂಡ್ಲೆ ಎಲುಬು ಕರಗಾಕತ್ತೈತಿ ಅಂತನೂ ಅಲ್ಲ, ಪಾಕೆಟ್ ಆಳ ಅಳಿಯೋ ಪ್ರೋಬ್ ಮತ್ತ ಎಕ್ಸ್‌ರೇ ಬೇಕಬೇಕು. ಬೀಡಿ, ಸಿಗರೇಟ್ ಸೇದೋರಲ್ಲಂತೂ ನಾನು ಭಾಳ ಹುಷಾರಾಗಿ ನೋಡ್ತೀನಿ, ರಕ್ತ ಕಮ್ಮಿ ಕಾಣ್ತೈತಿ ಆದ್ರ ಒಳಗ ಪಾಕೆಟ್ ಆಳ ಇರ್ತೈತಿ. ಶುಗರ್ ಇದ್ದೋರನ್ನ ಮೂರು ತಿಂಗಳಿಗೊಮ್ಮೆ ಕರೀತೀನಿ, ಬರೋವಾಗ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ರಿಪೋರ್ಟ್ ತರ್ರಿ ಅಂತ ಚೀಟಿಮ್ಯಾಲ ಬರ್ದ ಕೊಡ್ತೀನಿ.