ಗಲಾಟೆ ಹುಟ್ಟುವುದು ಸಂದಿಯಲ್ಲಿ

"ಸರ್, ಒಂದು ಬಡಿಗಿ ಇಟ್ಕೊಳ್ಳಲೇನ್ರಿ? ಹೊಡಿಯಂಗಿಲ್ರಿ. ಸುಮ್ನ ಟೇಬಲ್ ಮ್ಯಾಲ ಇರ್ತದ, ಅಷ್ಟ."

ಹೀಗೆ ಕೇಳಿದ ಮೇಡಂ ವಿಜಯಪುರದ ಕಡೆಯವರು. ಕೇಳುವಾಗ ಅವರ ಗಂಟಲು ಪೂರ್ತಿ ಕಟ್ಟಿಹೋಗಿತ್ತು. ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ತೆಗೆದುಕೊಳ್ಳಲು 2022ರಲ್ಲಿ ಸರ್ಕಾರ ಪರೀಕ್ಷೆ ನಡೆಸಿತ್ತಲ್ಲ, ಅದರಲ್ಲಿ ಪಾಸಾದವರು. ಕೋರ್ಟಿನ ಗೊಂದಲ ಮುಗಿಯುವ ತನಕ ಕಾದು, 2023ರ ಕೊನೆಗೆ ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಕ್ಲಸ್ಟರಿಗೆ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಬಂದಿದ್ದರು. ನಾನು ಆಗ ಅಲ್ಲಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. 14 ಶಾಲೆ, ಒಂದು ಹಳೇ ಸ್ಕೂಟರ್, ಮುಗಿಯದಷ್ಟು ಕಾಗದದ ಕೆಲಸ.

ಅವರು ಕೋಲಿನ ಮಾತೆತ್ತಿದಾಗ ನನಗೆ ನಗಲೂ ಆಗಲಿಲ್ಲ, ಬೈಯಲೂ ಆಗಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಹತ್ತಿರವೂ ಒಂದು ಕೋಲಿತ್ತು. ಮಕ್ಕಳೇ ತಂದುಕೊಟ್ಟಿದ್ದ ಹುಣಸೆ ಬರಲು. ಅದು ಮುರಿದರೆ ಮಾರನೇ ದಿನ ಇನ್ನೊಂದು ಬರುತ್ತಿತ್ತು, ಮೊದಲಿನದಕ್ಕಿಂತ ನೀಟಾಗಿ ಸವರಿ. ನಾಳೆ ತಾನೇ ಏಟು ತಿನ್ನುವ ಹುಡುಗ ಅದನ್ನು ಹೆಮ್ಮೆಯಿಂದ ತಂದು ಮೇಜಿನ ಮೇಲೆ ಇಡುತ್ತಿದ್ದ. ನಾನು ಒಳಗಿದ್ದಷ್ಟು ಹೊತ್ತು ಸೂಜಿ ಬಿದ್ದರೂ ಕೇಳಿಸುತ್ತಿತ್ತು. ಹೊಸ್ತಿಲು ದಾಟಿದರೆ ಸಂತೆ. ನಾನು ತರಗತಿ ನಡೆಸುತ್ತಿದ್ದೇನೆ ಅಂದುಕೊಂಡಿದ್ದೆ. ನಿಜಕ್ಕೂ ನಡೆಸುತ್ತಿದ್ದದ್ದು ಕೋಲು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮೇಜಿನ ಮೇಲೆ ಸುಮ್ನೆ ಮಲಗಿರುವ ಕೋಲು ಏನು ಹಾಗಾದರೆ? ಅದನ್ನೇ ಮೇಡಂಗೆ ಹೇಳಿದೆ. ಬೇಡ ಅಂದೆ. "ಮತ್ತ ಏನ್ ಮಾಡ್ಲಿರಿ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಇರಲಿಲ್ಲ ಅನ್ನುವುದು ಪೂರ್ತಿ ನಿಜವಲ್ಲ. 46 ಸ್ಲೈಡು ಇತ್ತು. ಹಿಂದಿನ ತಿಂಗಳಷ್ಟೇ ಹೊಸ ಶಿಕ್ಷಕರಿಗೆ, ಅತಿಥಿ ಶಿಕ್ಷಕರಿಗೆ ಸೇರಿಸಿ ತರಗತಿ ನಿರ್ವಹಣೆ ಬಗ್ಗೆ ಒಂದು ದಿನದ ತರಬೇತಿ ಕೊಟ್ಟಿದ್ದೆ. ಮಕ್ಕಳನ್ನು ಪ್ರೀತಿಯಿಂದ ಕಾಣಬೇಕು, ಪಾಠ ಚಟುವಟಿಕೆಯಿಂದ ಕೂಡಿರಬೇಕು, ಪ್ರತಿ ಮಗುವೂ ವಿಶಿಷ್ಟ. ಯಾವ ಮಾತೂ ಸುಳ್ಳಲ್ಲ. ಆದರೆ ಮಧ್ಯಾಹ್ನ ಊಟ ಆದಮೇಲೆ ಹಿಂದಿನ ಎರಡು ಸಾಲು ತೂಕಡಿಸುತ್ತಿತ್ತು. ಒಬ್ಬರು ಫೋನು ನೋಡುತ್ತಿದ್ದರು. ಇಬ್ಬರು ಬಸ್ಸಿನ ಟೈಮಿನ ಬಗ್ಗೆ ಪಿಸುಗುಡುತ್ತಿದ್ದರು. ತರಗತಿ ನಿರ್ವಹಣೆ ಹೇಳಿಕೊಡುತ್ತಿದ್ದ ನನ್ನ ತರಗತಿಯೇ ಕೈಗೆ ಸಿಕ್ಕಿರಲಿಲ್ಲ. ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಸಲ ಬೇರೆ ದಾರಿ ಹಿಡಿದೆ. ಮೇಡಂನ ಒಪ್ಪಿಗೆ ಕೇಳಿ ಏಳನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ. ಕೈಯಲ್ಲಿ ವಾಚು, ಒಂದು ನೋಟ್‌ಬುಕ್. ಅವರ ಪಾಠದ ಬಗ್ಗೆ ಏನೂ ಬರೆಯುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಸಿಆರ್‌ಪಿ ಪೆನ್ನು ತೆಗೆದರೆ ಯಾರಿಗಾದರೂ ಕೈ ನಡುಗುತ್ತೆ, ಅಲ್ವಾ? ನಾನು ಬರೆದುಕೊಂಡಿದ್ದು ಒಂದೇ: ಗಲಾಟೆ ಯಾವ ನಿಮಿಷಕ್ಕೆ ಶುರುವಾಯಿತು, ಆಗ ಮೇಡಂ ಏನು ಮಾಡುತ್ತಿದ್ದರು.

40 ನಿಮಿಷದ ಪಿರಿಯಡ್. ಮೊದಲ ಏಳು ನಿಮಿಷ ತಿದ್ದಿದ ನೋಟ್‌ಬುಕ್ ಹಂಚುವುದರಲ್ಲೇ ಹೋಯಿತು. ಅವರು ಒಂದೊಂದೇ ಹೆಸರು ಕರೆಯುತ್ತಿದ್ದರು, ಒಬ್ಬೊಬ್ಬರೇ ಎದ್ದು ಬರುತ್ತಿದ್ದರು. ಉಳಿದ 30 ಮಕ್ಕಳಿಗೆ ಕೆಲಸವಿಲ್ಲ. ಆಮೇಲೆ ಮೇಡಂ ಬೋರ್ಡಿನ ಕಡೆ ತಿರುಗಿ ಭಿನ್ನರಾಶಿಯ ಲೆಕ್ಕ ಬರೆಯತೊಡಗಿದರು. ನಾಲ್ಕು ನಿಮಿಷ ಬೆನ್ನು. ಎರಡನೇ ನಿಮಿಷಕ್ಕೆ ಮೊದಲ ರಬ್ಬರ್ ಹಾರಿತು. ಲೆಕ್ಕ ವಿವರಿಸುವಾಗ, ನೋಡಿ, ಗಲಾಟೆಯೇ ಇಲ್ಲ. ಅವರು ಚೆನ್ನಾಗಿ ಹೇಳಿಕೊಡುತ್ತಾರೆ. ರೊಟ್ಟಿ ಮುರಿದು ತೋರಿಸಿದಾಗ ಎಲ್ಲರ ಕತ್ತೂ ಮುಂದಕ್ಕೆ ಬಂತು. ಮತ್ತೆ "ಈಗ ಬರಕೋರಿ" ಅಂದರು. ಅಲ್ಲಿಂದ ಶುರು:

"ಮಿಸ್, ಕ್ಲಾಸ್‌ವರ್ಕಾ ಹೋಂವರ್ಕಾ?"

"ಮಿಸ್, ಹೊಸ ಪೇಜಲ್ಲಾ?"

"ಗೆರೆ ಹಾಕ್ಬೇಕಾ ಮಿಸ್?"

"ಪೆನ್ನಾ ಪೆನ್ಸಿಲ್ಲಾ?"

"ಮಿಸ್, ನೀರು ಕುಡ್ಕೊಂಡ್ ಬರ್ಲಾ?"

ಒಂದೊಂದಕ್ಕೂ ಉತ್ತರ ಕೊಡುತ್ತಾ ಮೇಡಂನ ದನಿ ಏರುತ್ತಾ ಹೋಯಿತು. ಗಂಟಲು ಹೋಗಿದ್ದು ಪಾಠ ಮಾಡಿ ಅಲ್ಲ, ಈ ಪ್ರಶ್ನೆಗಳಿಂದ.

ಪಿರಿಯಡ್ ಮುಗಿದ ಮೇಲೆ ನೋಟ್‌ಬುಕ್ಕನ್ನು ಅವರ ಮುಂದೆ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಪಾಠ ಮಾಡೂವಾಗ ಒಂದೂ ಇಲ್ಲಲ್ರಿ!" ಅಂದರು. ಹೌದು. ಗಲಾಟೆ ಎಲ್ಲಾ ಸಂದಿಯಲ್ಲಿ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವಿನ ಸಂದಿಯಲ್ಲಿ. ಬಾಗಿಲ ಸಂದಿಯಲ್ಲಿ ಇರುವೆ ಬರುವ ಹಾಗೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಜೇಕಬ್ ಕೂನಿನ್ ಅನ್ನುವ ಅಮೆರಿಕದ ಸಂಶೋಧಕ ತರಗತಿಗಳ ವಿಡಿಯೊ ನೋಡಿ ನೋಡಿ 1970ರಲ್ಲೇ ಇದನ್ನು ಬರೆದಿದ್ದಾರೆ. ಗಲಾಟೆ ಆದಮೇಲೆ ಹೇಗೆ ಬೈಯುತ್ತಾರೆ ಅನ್ನುವುದರಲ್ಲಿ ಒಳ್ಳೆಯ ಶಿಕ್ಷಕರಿಗೂ ಒದ್ದಾಡುವ ಶಿಕ್ಷಕರಿಗೂ ಅವರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆಗೆ ಮೊದಲು. ಇಡೀ ಕೋಣೆಯ ಮೇಲೆ ಕಣ್ಣಿಡುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ದಾಟಿಸುವುದು. ನನಗೆ ಇದು ತಾಲ್ಲೂಕಿನ ಸಂಪನ್ಮೂಲ ಕೇಂದ್ರವಾದ ಬಿ.ಆರ್.ಸಿ.ಯ ತರಬೇತಿಯಲ್ಲಿ ಕಿವಿಗೆ ಬಿದ್ದಿತ್ತು. ತಲೆಗೆ ಹೋಗಿದ್ದು ಹಿಂದಿನ ಬೆಂಚಿನಲ್ಲಿ.

ಆಮೇಲಿನ ತಿಂಗಳು ಹೊಸಬರು ಆರು ಜನರನ್ನು ಆ ಶಾಲೆಗೇ ಕರೆದೆ. ಶನಿವಾರ, ಮಕ್ಕಳು ಮನೆಗೆ ಹೋದಮೇಲೆ. ಪ್ರೊಜೆಕ್ಟರ್ ಇಲ್ಲ. ಒಬ್ಬರು ಟೀಚರ್, ಐದು ಜನ ಮಕ್ಕಳು. ಒಂದೇ ಕೆಲಸ: ನೋಟ್‌ಬುಕ್ ಹಂಚಿ ತೋರಿಸಿ. ಮೊದಲು ಎಲ್ಲರಿಗೂ ನಾಚಿಕೆ. ಆಮೇಲೆ ಎಷ್ಟು ಹುರುಪು ಬಂತು ಅಂದರೆ "ಮಕ್ಕಳು" ನಿಜವಾಗಿ ರಬ್ಬರ್ ಎಸೆಯತೊಡಗಿದರು. ಒಬ್ಬ ಮೇಷ್ಟ್ರಂತೂ ಬೆಂಚಿನ ಕೆಳಗೇ ನುಗ್ಗಿದರು.

ಅಲ್ಲಿ ಕುಳಿತು ಅವರೇ ದಾರಿ ಮಾಡಿಕೊಂಡರು. ನೋಟ್‌ಬುಕ್ಕನ್ನು ಸಾಲಿನ ಪ್ರಕಾರ ಜೋಡಿಸಿಟ್ಟು, ಸಾಲಿಗೊಬ್ಬರು ಹಂಚುವುದು. ಹಂಚುವಾಗ ಬೋರ್ಡಿನ ಮೇಲೆ ಒಂದು ಲೆಕ್ಕ ಮೊದಲೇ ಬರೆದಿರುವುದು, ಪುಸ್ತಕ ಸಿಕ್ಕಿದವರು ಅದನ್ನು ಶುರು ಮಾಡುವುದು. ಮಕ್ಕಳಿಗೆ ಪೂರ್ತಿ ಬೆನ್ನು ಹಾಕದೆ ಓರೆಯಾಗಿ ನಿಂತು ಬರೆಯುವುದು. ಇದನ್ನು ಅಭ್ಯಾಸ ಮಾಡಲೇಬೇಕು, ಬಾಯಲ್ಲಿ ಹೇಳಿದರೆ ಬರುವುದಿಲ್ಲ. ಬಲಗೈಯವರು ಬೋರ್ಡಿನ ಎಡಗಡೆ ಸರಿದು ನಿಂತು, ಎರಡು ಪದ ಬರೆದು ಒಮ್ಮೆ ಹಿಂದೆ ನೋಡುವುದು. ಅಕ್ಷರ ಸೊಟ್ಟ ಬರುತ್ತೆ ಅಂತ ಒಬ್ಬರು ಗೊಣಗಿದರು. ಬರಲಿ ಬಿಡಿ ಅಂದೆ.

ಜಾಸ್ತಿ ಹೊತ್ತು ತಗೊಂಡಿದ್ದು ಸೂಚನೆ ಕೊಡುವುದನ್ನು ಕಲಿಯಲು. ನಾವೆಲ್ಲ ಸೂಚನೆಯನ್ನು ತುಂಡು ತುಂಡಾಗಿ ಕೊಡುತ್ತೇವೆ, ನಡೆಯುತ್ತಾ, ಡಸ್ಟರ್ ಹುಡುಕುತ್ತಾ. ನಾನು ಹೇಳಿದ್ದು ಇಷ್ಟೇ. ಒಂದು ಜಾಗದಲ್ಲಿ ನಿಲ್ಲಿ. ಎಲ್ಲರೂ ನಿಮ್ಮ ಕಡೆ ನೋಡುವ ತನಕ ಬಾಯಿ ತೆಗೆಯಬೇಡಿ. ಯಾವ ಪುಸ್ತಕ, ಯಾವುದರಲ್ಲಿ ಬರೆಯಬೇಕು, ಎಷ್ಟು ಹೊತ್ತು, ಮುಗಿದ ಮೇಲೆ ಏನು: ನಾಲ್ಕೂ ಒಟ್ಟಿಗೆ. ಆಮೇಲೆ ಒಬ್ಬ ಹುಡುಗನಿಂದ ಅದನ್ನೇ ತಿರುಗಿ ಹೇಳಿಸಿ. ಅವನು ತಪ್ಪು ಹೇಳಿದರೆ ತಪ್ಪು ನಿಮ್ಮದು. ಕೊನೆಗೆ "ಅರ್ಥ ಆಯ್ತಾ?" ಅಂತ ಮಾತ್ರ ಕೇಳಬೇಡಿ. ಅದಕ್ಕೆ ಕರ್ನಾಟಕದ ಯಾವ ಮೂಲೆಯಲ್ಲೂ "ಆಯ್ತೂ ಮಿಸ್" ಅನ್ನುವ ರಾಗ ಬಿಟ್ಟು ಬೇರೆ ಉತ್ತರ ಬರುವುದಿಲ್ಲ.

ಎಲ್ಲರೂ ನೋಡುವ ತನಕ ಸುಮ್ಮನೆ ನಿಲ್ಲುವುದು ಹೊಸಬರಿಗೆ ತುಂಬಾ ಕಷ್ಟ. ಮೂರು ಸೆಕೆಂಡು ಮೂರು ನಿಮಿಷದ ಹಾಗೆ ಅನ್ನಿಸುತ್ತೆ. ಪ್ರಶ್ನೆ ಕೇಳಿದಾಗಲೂ ಅದೇ ಕಥೆ. ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ಸಂಶೋಧಕಿ ಅಳೆದು ನೋಡಿದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡ್ ಅಂತ ಕಂಡಿತ್ತು. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದ ಬರುತ್ತೆ, ಸುಮ್ಮನಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ನಾವು ಕೈಬೆರಳು ಮಡಚಿ ಎಣಿಸುತ್ತಾ ಅಭ್ಯಾಸ ಮಾಡಿದೆವು.

ನಾನೂ ಮಾಡಿ ತೋರಿಸಬೇಕಲ್ಲ. ಸೋಮವಾರ ಅದೇ ಏಳನೇ ತರಗತಿಗೆ ಹೋದೆ, ಆರು ಜನ ಹಿಂದೆ ಕೂತರು. ಘನತೆಯಿಂದ ನಿಂತೆ, ಕಾದೆ. ಮಕ್ಕಳೂ ಕಾದರು. ನಾಲ್ಕು ಸೂಚನೆ ಒಟ್ಟಿಗೆ ಕೊಟ್ಟೆ. ಒಬ್ಬ ಹುಡುಗನನ್ನು ತಿರುಗಿ ಹೇಳು ಅಂದೆ. ಅವನು ಪಕ್ಕದವನ ಮುಖ ನೋಡಿದ. ಪಕ್ಕದವನು ತೆಲುಗಿನಲ್ಲಿ ಏನೋ ಅಂದ. ಇಡೀ ಸಾಲು ಗೊಳ್ಳೆಂದು ನಕ್ಕಿತು. ಅಲ್ಲಿಂದ ಹಿಡಿತ ಹೋಗಿದ್ದು, ಗಂಟೆ ಹೊಡೆಯುವ ತನಕ ಸಿಗಲಿಲ್ಲ.

ಆ ಊರಿನ ಬಹಳ ಮನೆಗಳಲ್ಲಿ ತೆಲುಗು. ನನಗೆ ಗೊತ್ತಿದ್ದ ವಿಷಯವೇ. ಆದರೆ ಗಲಾಟೆಯ ಒಂದು ಪಾಲು ತುಂಟತನವೇ ಅಲ್ಲ, ಸೂಚನೆ ಅರ್ಥವಾಗದೆ ಪಕ್ಕದವರನ್ನು ಕೇಳುವುದು ಅಂತ ಹೊಳೆದಿರಲಿಲ್ಲ. ವಿಜಯಪುರದ ಮೇಡಂಗಂತೂ ಕಷ್ಟ ದುಪ್ಪಟ್ಟು. ಅವರ ಕನ್ನಡ ಇವರಿಗೆ ಹೊಸದು. ಸ್ಲೇಟಿಗೆ "ಪಾಟಿ", ಕೋಲಿಗೆ "ಬಡಿಗಿ" ಅಂದರೆ ನಗು. ನನ್ನ ಪಾಠ ಮುಗ್ಗರಿಸಿದ ಮೇಲೆ ಮೇಡಂ ಒಂದು ಉಪಾಯ ಮಾಡಿದರು. ದಿನಕ್ಕೊಂದು ತೆಲುಗು ಮಾತು ಮಕ್ಕಳಿಂದ ಕಲಿತು, ಬದಲಿಗೆ ತಮ್ಮೂರಿನ ಒಂದು ಮಾತು ಹೇಳಿಕೊಡುವುದು. ಸೂಚನೆಯನ್ನು ಹೇಳುವ ಜೊತೆಗೆ ಬೋರ್ಡಿನ ಮೂಲೆಯಲ್ಲಿ ಬರೆಯುವುದು. ಇದು ನಾನು ಹೇಳಿಕೊಟ್ಟದ್ದಲ್ಲ. ಕ್ಲಸ್ಟರಿನ ಶಿಕ್ಷಕರೆಲ್ಲ ಸೇರುವ ಸಮಾಲೋಚನಾ ಸಭೆಯಲ್ಲಿ ನಾನೇ ಹೇಳಿಕೊಟ್ಟ ಹಾಗೆ ಹೇಳಿಬಿಟ್ಟೆ, ಅದಕ್ಕೆ ಈಗಲೂ ಸ್ವಲ್ಪ ನಾಚಿಕೆಯಿದೆ.

ಒಂದು ವಿಷಯದಲ್ಲಿ ನನಗೂ ಇನ್ನೊಂದು ಶಾಲೆಯ ಹಿರಿಯ ಶಿಕ್ಷಕರೊಬ್ಬರಿಗೂ ಜಗಳವೇ ಆಯಿತು. ಲೀಡರ್ ಕೈಗೆ ಸೀಮೆಸುಣ್ಣ ಕೊಟ್ಟು "ಮಾತಾಡಿದವರ ಹೆಸರು" ಬರೆಸುವುದು. ನಾವೆಲ್ಲ ಅದರಲ್ಲೇ ಬೆಳೆದವರು. ಆದರೆ ನೋಡಿ, ಲೀಡರ್‌ಗೆ ಆಗದವರ ಹೆಸರು ಮೊದಲು ಬರುತ್ತೆ. ಕಡ್ಲೆಮಿಠಾಯಿ ಕೊಟ್ಟವರ ಹೆಸರು ಅಳಿಸಿಹೋಗುತ್ತೆ. ಮಕ್ಕಳಿಗೆ ಲಂಚದ ಮೊದಲ ಪಾಠ ನಾವೇ ಕೊಡುತ್ತಿದ್ದೇವೆ ಅಂತ ನನ್ನ ವಾದ. "ತುಂಬಾ ಯೋಚನೆ ಮಾಡ್ತೀರಿ ಸರ್" ಅಂದರು ಅವರು. ಅವರು ಬಿಡಲಿಲ್ಲ. ಹೊಸಬರು ಬಿಟ್ಟರು, ಅಷ್ಟು ಸಾಕು.

ಇನ್ನೊಂದು ತೊಡಕು, ಮೌನವೇ ಶಿಸ್ತು ಅನ್ನುವ ನಂಬಿಕೆ. ನಲಿ-ಕಲಿ ಕೋಣೆಗೆ ಹೋಗಿ ನೋಡಿ. ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯಿಂದ ಕಲಿಸುವ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ. ಮಕ್ಕಳು ಗುಂಪುಗಳಲ್ಲಿ ಕೂತಿರುತ್ತಾರೆ, ಕಾರ್ಡು ತರಲು ಎದ್ದು ಓಡಾಡುತ್ತಾರೆ, ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಹೊರಗಿನವರಿಗೆ ಅದು ಗದ್ದಲ. ಒಳಗೆ ಕೂತರೆ ಪ್ರತಿ ಮಗುವಿಗೂ ತಾನು ಕಲಿಕೆಯ ಯಾವ ಮೆಟ್ಟಿಲಲ್ಲಿದ್ದೇನೆ ಅಂತ ಗೊತ್ತು. ಹೊಸಬರನ್ನು ಅರ್ಧ ದಿನ ಅಲ್ಲಿ ಕೂರಿಸಿದೆ. ಏಳನೇ ತರಗತಿಯ ಮೇಷ್ಟ್ರಿಗೆ ಒಂದನೇ ತರಗತಿಯಲ್ಲೇನು ಕೆಲಸ ಅಂತ ಮುಖ ಗಂಟಿಕ್ಕಿದ್ದರು. ಸಾಮಾನು ಎಲ್ಲಿಡಬೇಕು, ಯಾರು ತರಬೇಕು ಅನ್ನುವುದು ಮಕ್ಕಳಿಗೇ ಗೊತ್ತಿದ್ದರೆ ಎಷ್ಟು ಹಗುರ ಅಂತ ಅಲ್ಲಿ ಕಂಡರು.

ಇದೆಲ್ಲ ಕೆಲಸ ಮಾಡದ ಹುಡುಗನೂ ಒಬ್ಬನಿದ್ದ. ಒಂದು ವಾರ ಸುಮ್ಮನಿರುತ್ತಿದ್ದ. ಇನ್ನೊಂದು ವಾರ ಮೊದಲ ಪಿರಿಯಡ್‌ನಲ್ಲಿ ನಿದ್ದೆ, ಎಬ್ಬಿಸಿದರೆ ಪಕ್ಕದವನಿಗೆ ಗುದ್ದು. ಓರೆಯಾಗಿ ನಿಂತರೂ ಅಷ್ಟೇ, ಮೂರು ಸೆಕೆಂಡ್ ಕಾದರೂ ಅಷ್ಟೇ. ಮೇಡಂ ಅವನ ಮನೆಗೆ ಹೋದರು. ರೇಷ್ಮೆ ಸಾಕುವ ಮನೆ. ಹುಳ ಪೊರೆ ಬಿಡುವುದಕ್ಕೆ ಜ್ವರ ಅನ್ನುತ್ತಾರೆ; ನಾಲ್ಕನೇ ಜ್ವರ ಎದ್ದ ಮೇಲೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ರಾತ್ರಿಯ ಪಾಳಿ ಈ ಹುಡುಗನದು. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅಪ್ಪನ ಜೊತೆ ಮಾತಾಡಿದರು, ಪಾಪ ಅವರು ತಾನೇ ಏನು ಮಾಡಬೇಕು. ಆಮೇಲೆ ಮೇಡಂ ಮಾಡಿದ್ದು ಇಷ್ಟು: ಹುಳ ಎಷ್ಟನೇ ಜ್ವರದಲ್ಲಿದೆ ಅಂತ ಅವನನ್ನು ಕೇಳಿ ತಿಳಿದುಕೊಳ್ಳುವುದು. ನಾಲ್ಕನೇ ಜ್ವರ ಎದ್ದ ಮೇಲಿನ ಆ ಎಂಟು ದಿನ ಅವನನ್ನು ಎಬ್ಬಿಸದೇ ಇರುವುದು, ತಪ್ಪಿದ್ದನ್ನು ಮಧ್ಯಾಹ್ನ ಬಿಸಿಯೂಟದ ನಂತರ ಹೇಳಿಕೊಡುವುದು. ಗುದ್ದುವುದು ನಿಂತಿತು. ನಿದ್ದೆ ನಿಲ್ಲಲಿಲ್ಲ.

ಮಳೆಗಾಲದಲ್ಲಿ ಶೀಟಿನ ಸೂರಿನ ಕೆಳಗೆ, ಆ ಸದ್ದಿನಲ್ಲಿ, ಯಾವ ನಿರ್ವಹಣೆಯೂ ನಡೆಯುವುದಿಲ್ಲ ಅಂತಲೂ ಹೇಳಿಬಿಡುತ್ತೇನೆ. ಆಗ ಚಿತ್ರ ಬರೆಸಿ.

ಮುಂದಿನ ವರ್ಷ ಸಮಾಲೋಚನಾ ಸಭೆಯಲ್ಲಿ ಹೊಸಬರ ಜೊತೆ ಮಾತಾಡಲು ಆ ಮೇಡಂನನ್ನೇ ಕರೆದೆ. 30 ಜನ ಶಿಕ್ಷಕರು ಕೂತಿದ್ದರು. ಅವರು ಮುಂದೆ ಬಂದು, ಬೇಕಂತಲೇ ಡಸ್ಟರ್ ಹುಡುಕುತ್ತಾ, ಗೋಡೆ ಕಡೆ ತಿರುಗಿಕೊಂಡು "ಎಲ್ಲಾರೂ ಒಂದು ಹಾಳಿ ತಗೀರಿ" ಅಂದರು.

"ಎ ಫೋರಾ ಮೇಡಂ?"

"ಹೆಸರು ಬರೀಬೇಕಾ?"

"ಹಾಳಿ ಅಂದ್ರೆ ಹಾಳೆ ತಾನೇ?"

"ಮೇಡಂ, ಪೆನ್ನಾ ಪೆನ್ಸಿಲ್ಲಾ?"

ಯಾರೋ ಫೋನಿನಲ್ಲಿ ಮಾತಾಡಲು ಎದ್ದು ಹೊರಗೆ ಹೋದರು. ಮೇಡಂ ಡಸ್ಟರ್ ಕೆಳಗಿಟ್ಟು, ನಮ್ಮ ಕಡೆ ತಿರುಗಿ, ಒಂದು ಜಾಗದಲ್ಲಿ ನಿಂತರು. ಏನೂ ಮಾತಾಡಲಿಲ್ಲ. ನಾನು ಹಿಂದಿನ ಬೆಂಚಿನಲ್ಲಿ ವಾಚು ನೋಡಿಕೊಂಡೆ.