1958ರ ಕಂದಾಯ ರಸೀದಿ ತನ್ನಿ ಅಂದೆ

"ಭೂತಾನ್ ಯಾರಿಗೆ ಬೇಕು ಮೇಷ್ಟ್ರೇ? ಮೊದಲು ಸಿಲಬಸ್ ಮುಗಿಸಿ" ಎಂದು ನಮ್ಮ ಹೆಡ್‌ಮಾಸ್ಟರು ಹೇಳಿ ಮೂರು ವರ್ಷ ಆಯ್ತು. ಭೂತಾನಿಗೆ ಪ್ರಜಾಪ್ರಭುತ್ವ ಬಂದ ಕಥೆಯನ್ನು ಮಕ್ಕಳಿಗೆ ಆಟ ಆಡಿಸಿ ಕಲಿಸುತ್ತೇನೆ ಅಂದಿದ್ದಕ್ಕೆ ಬಂದ ಮಾತು ಅದು. ಈ ಸಲ ಅವರೇ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಪೂರ್ತಿ ತೋಪು. ಭೂತಾನಿನಲ್ಲಿ 2007ರಲ್ಲಿ ನಡೆದ ಅಣಕು ಚುನಾವಣೆಯನ್ನೇ ಒಂಬತ್ತನೇ ಕ್ಲಾಸಿನಲ್ಲಿ ಮಾಡಿಸಿದೆ. ಅಲ್ಲಿ ಜನ ಪ್ರಜಾಪ್ರಭುತ್ವ ಬೇಡ ಅಂತಿದ್ದರು, ರಾಜನೇ ತಗೊಳ್ಳಿ ಅಂತ ಕೊಟ್ಟ. ಓಟು ಹಾಕೋದು ರೂಢಿಯಾಗಲಿ ಎಂದು ಹಳದಿ, ಕೆಂಪು, ನೀಲಿ, ಹಸಿರು ಅಂತ ನಾಲ್ಕು ಸುಳ್ಳು ಪಕ್ಷ ಮಾಡಿದರು. ಹೈಸ್ಕೂಲು ಮಕ್ಕಳನ್ನೇ ಅಭ್ಯರ್ಥಿಗಳಾಗಿ ನಿಲ್ಲಿಸಿದರು. ನಾನೂ ಹಾಗೇ ಮಾಡಿದೆ. ಬ್ಯಾಡ್ಜು, ಬಾವುಟ, ಥರ್ಮಕೋಲ್ ಪೆಟ್ಟಿಗೆ ಅಂತ ಸುಮಾರು 1,400 ರೂಪಾಯಿ ಕೈಯಿಂದ ಹೋಯಿತು. ಇವಿಎಂ ಥರದ ಆ್ಯಪ್ ಹಾಕಿದ ಟ್ಯಾಬ್ ಹತ್ತನೇ ಓಟಿಗೇ ನಿಂತುಹೋಯಿತು.

ಫಲಿತಾಂಶ? ಪ್ರಣಾಳಿಕೆ ಯಾರೂ ಓದಲಿಲ್ಲ. ಕನ್ನಡ ಬಾವುಟದ ಬಣ್ಣ ಅಂತ ಹಳದಿಗೂ ಕೆಂಪಿಗೂ ಒತ್ತಿಬಿಟ್ಟರು. ಸೋತೆ ಅಂದುಕೊಂಡು ಮನೆಗೆ ಬಂದೆ. ರಾತ್ರಿ ಹೊಳೆಯಿತು, ಅಲ್ಲೂ ಇದೇ ಆಗಿತ್ತಲ್ಲ! ಹಳದಿ ಅಲ್ಲಿ ರಾಜನ ಬಣ್ಣ. 47 ಕ್ಷೇತ್ರಗಳಲ್ಲಿ 46 ಹಳದಿಗೇ ಹೋಗಿತ್ತು.

ಎರಡನೇ ವರ್ಷ ಎರಡು ಸುತ್ತಿನ ಆಟ ಮಾಡಿದೆ. ಭೂತಾನಿನ ಚುನಾವಣೆಯಲ್ಲಿ ಮೊದಲ ಸುತ್ತಲ್ಲಿ ಎಲ್ಲ ಪಕ್ಷಗಳೂ ಇರುತ್ತವೆ, ಕೊನೆಯ ಸುತ್ತಿಗೆ ಎರಡೇ. 2013ರಲ್ಲಿ ಮೊದಲ ಸುತ್ತಿನಲ್ಲಿ ಎರಡನೇ ಸ್ಥಾನದಲ್ಲಿದ್ದ ಅಲ್ಲಿನ ಪೀಪಲ್ಸ್ ಡೆಮಾಕ್ರಟಿಕ್ ಪಾರ್ಟಿ (ಪಿಡಿಪಿ) ಕೊನೆಗೆ 32 ಸೀಟು ಗೆದ್ದಿತು. 2018ರಲ್ಲಿ ಅದೇ ಪಿಡಿಪಿ ಅಧಿಕಾರದಲ್ಲಿದ್ದೂ ಮೊದಲ ಸುತ್ತಲ್ಲೇ ಹೊರಗೆ. ಕ್ಲಾಸಿನಲ್ಲಿ ಇದು ಚೆನ್ನಾಗಿಯೇ ನಡೆಯಿತು. ಬಣ್ಣದ ಮೋಹ ಹೇಗೆ ಬಿಡಿಸಿದೆ ಅನ್ನೋದು ನನ್ನ ಗುಟ್ಟು, ಇಲ್ಲಿ ಹೇಳಲ್ಲ.

ನಡುವೆ ಇನ್ನೊಂದು ಕಿತಾಪತಿ ಮಾಡಿದೆ. ಅಲ್ಲಿ ಸಂಸತ್ತಿಗೆ ನಿಲ್ಲಲು ಡಿಗ್ರಿ ಬೇಕು. ನಾನು 70 ಪರ್ಸೆಂಟ್ ಮೇಲಿದ್ದವರು ಮಾತ್ರ ನಿಲ್ಲಬಹುದು ಅಂದೆ. ಮಾತಿನ ಮಲ್ಲರೆಲ್ಲ ಔಟ್. ಓದುವ ಹುಡುಗರಿಗೆ ಇದು ಸರಿ ಅನ್ನಿಸಿತು, ಅದೇ ತಮಾಷೆ.

ಆದರೆ ಒಂದು ಕೊರತೆ ಉಳಿಯಿತು. "ಎಷ್ಟು ಒಳ್ಳೆ ದೇಶ ಸಾರ್, ರಾಜನೇ ಓಟು ಕೊಟ್ಟ" ಅಂತ ಮಕ್ಕಳು ಖುಷಿಯಲ್ಲಿ ಎದ್ದು ಹೋಗುತ್ತಿದ್ದರು. ದಕ್ಷಿಣ ಭೂತಾನಿನ ನೇಪಾಳಿ ಮಾತಿನ ಲ್ಹೋತ್ಸಾಂಪರ ಕಥೆ ಹೇಳಿದರೆ ಆಕಳಿಕೆ. 1990ರ ದಶಕದ ಶುರುವಿನಲ್ಲಿ ಒಂದು ಲಕ್ಷದಷ್ಟು ಜನ ನೇಪಾಳದ ನಿರಾಶ್ರಿತರ ಶಿಬಿರ ಸೇರಿದರು ಅಂದರೆ, ಅವರಿಗೆ ಅದು ಬರೀ ನಂಬರ್.

ಈ ವರ್ಷ ಪಾಠವೇ ಮಾಡಲಿಲ್ಲ. ಶುಕ್ರವಾರ ಹೇಳಿದೆ: "ಸೋಮವಾರ ನಿಮ್ಮ ಮನೆಯಿಂದ 1958ರ ಕಂದಾಯ ರಸೀದಿ ತನ್ನಿ. ತಂದವರು ಮಾತ್ರ ಈ ಕ್ಲಾಸಿನವರು." ಯಾಕೆ ಅಂತ ಹೇಳಲಿಲ್ಲ. ಜೆರಾಕ್ಸು ಸೇರಿ ಖರ್ಚು 60 ರೂಪಾಯಿ.

ಸೋಮವಾರ 38 ಮಕ್ಕಳಲ್ಲಿ ಐದೋ ಆರೋ ಜನ ಏನೋ ಹಳೇ ಕಾಗದ ತಂದಿದ್ದರು. ಸರಿಯಾಗಿ 1958ರದ್ದು ಒಂದೇ. ಕೂಲಿ ಮಾಡುವ ಮನೆಗಳಲ್ಲಿ ಜಮೀನೇ ಇಲ್ಲ, ಕಂದಾಯ ಎಲ್ಲಿಂದ ಬರಬೇಕು? ಒಬ್ಬ ಹುಡುಗಿ ಅಜ್ಜಿಯನ್ನೇ ಕರೆತರಲಾ ಸಾರ್ ಅಂದಳು. ಸಾಲದು ಅಂದೆ. ಅವಳ ಕಣ್ಣು ತುಂಬಿತು. ಅಷ್ಟು ದೂರ ಎಳೆಯಬಾರದಿತ್ತು, ಒಪ್ಪುತ್ತೇನೆ.

ಆಮೇಲೆ ಹೇಳಿದೆ. ಭೂತಾನಿನ 1985ರ ಪೌರತ್ವ ಕಾನೂನು ಈ 1958ರ ಗೆರೆಯನ್ನೇ ಹಾಕಿತು: ಆ ವರ್ಷದ ಕೊನೆಯೊಳಗೆ ಅಲ್ಲಿ ವಾಸವಿದ್ದೆವು ಅಂತ ತೋರಿಸಬೇಕಿತ್ತು. 1988ರ ಜನಗಣತಿಯಲ್ಲಿ ದಕ್ಷಿಣದವರ ಹತ್ತಿರ ಆ ವರ್ಷದ ರಸೀದಿ ಕೇಳಿದರು. ಹಿಂದಿನ ಮುಂದಿನ ವರ್ಷದ್ದು ತೋರಿಸಿದರೂ ನಡೆಯಲಿಲ್ಲ ಎಂದು ಶಿಬಿರ ಸೇರಿದವರು ಹೇಳಿದ್ದಾರೆ. ಅವರಲ್ಲಿ ಬಹುಪಾಲು ಜನ ಈಗ ಅಮೆರಿಕದಲ್ಲಿದ್ದಾರೆ. 2008ರ ಮೊದಲ ಚುನಾವಣೆಯ ಹೊತ್ತಿಗೆ ಅವರು ಶಿಬಿರಗಳಲ್ಲೇ ಇದ್ದರು, ಓಟು ಹಾಕುವ ಮಾತೇ ಬರಲಿಲ್ಲ.

ಯಾರೂ ಆಕಳಿಸಲಿಲ್ಲ. ಪಕ್ಕದ ಎರಡು ಶಾಲೆಯವರು ಈಗ ಫೋನ್ ಮಾಡಿ ಕೇಳುತ್ತಿದ್ದಾರೆ. ಒಂದು ಎಚ್ಚರ: ಪಾಲಕರಿಗೆ ಮೊದಲೇ ಒಂದು ಚೀಟಿ ಕಳಿಸಿ. ನಾನು ಕಳಿಸಲಿಲ್ಲ, ಇಬ್ಬರು ಅಪ್ಪಂದಿರು ಜಗಳಕ್ಕೇ ಬಂದರು.

ಹೆಡ್‌ಮಾಸ್ಟರು ಆ ಸಂಜೆ ಮನೆಯ ಟ್ರಂಕು ಹುಡುಕಿದರಂತೆ. ಮರುದಿನ ಸ್ಟಾಫ್ ರೂಮಿನಲ್ಲಿ ಹಳದಿಯಾದ ಒಂದು ರಸೀದಿ ನನ್ನ ಮುಂದಿಟ್ಟರು. 1961ರದ್ದು.